ಮುಖ ನೋಡದ ಮೀನುಗಳು

ನಮ್ಮೂರಿನಲ್ಲಿ ಅಂಚೆ ಡಬ್ಬಿಗೆ ಸುಣ್ಣ ಬಳಿದಿದ್ದೇವೆ. ಅಂಚೆಯವರು ಎರಡು ಸಲ ಬಂದು ಕೆಂಪು ಬಳಿದು ಹೋದರು, ಎರಡು ಸಲವೂ ನಾವು ಸುಣ್ಣ ಬಳಿದೆವು, ಆಮೇಲೆ ಅವರಿಗೇ ಸಾಕಾಯಿತು. ಡಬ್ಬಿ ಇರುವುದು ಹೊಳೆಯ ಮಡುವಿಗೆ ಇಳಿಯುವ ಪಾವಟಿಗೆಗಳ ನೆತ್ತಿಯಲ್ಲಿ. ಅಲ್ಲೇನಾದರೂ ಕೆಂಪು ಕಂಡರೆ ಮಡುವಿನ ಗೆಂಡೆ ಮೀನುಗಳೆಲ್ಲ ಈ ದಡಕ್ಕೆ ಬಂದು, ಬಾಯಿ ತೆರೆದುಕೊಂಡು, ಸಂಜೆಯವರೆಗೂ ಕಾಯುತ್ತ ನಿಲ್ಲುತ್ತವೆ. ಹಸಿದವರನ್ನು ಹಾಗೆ ಕಾಯಿಸಬಾರದು. ಅದಕ್ಕೇ ದಂಡೆಯಲ್ಲಿ ದಾಸವಾಳ ನೆಡುವುದಿಲ್ಲ, ಮೆಣಸಿನಕಾಯಿ ಒಣಹಾಕುವುದಿಲ್ಲ, ಮದುಮಗಳನ್ನು ಹಿಂದಿನ ಓಣಿಯಿಂದ ಮನೆ ತುಂಬಿಸಿಕೊಳ್ಳುತ್ತೇವೆ. ಎಲೆ-ಅಡಿಕೆ ಹಾಕಿಕೊಂಡವರು ಪಾವಟಿಗೆಯ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ನನ್ನ ಸೋದರಮಾವ ಒಬ್ಬರು ಈ ಮಾತನ್ನು ನಂಬದೆ, ಕವಳ ತುಂಬಿದ ಬಾಯನ್ನು ನೀರಿನ ಹತ್ತಿರ ತಂದು ದೊಡ್ಡದಾಗಿ ಆಕಳಿಸಿದರು. ಮೀನು ಜಿಗಿದು ಕೆಳದುಟಿಗೆ ಬಾಯಿ ಹಾಕಿತು. ಊರಿನವರೆಲ್ಲ ಸೇರಿ ಬಿಡಿಸಲು ನೋಡಿದ ಚಟವನ್ನು ಒಂದು ಮೀನು ಒಂದೇ ಏಟಿಗೆ ಬಿಡಿಸಿತು.

ನನ್ನ ಹೆಸರು ಮುದಕಪ್ಪ. ತೊಟ್ಟಿಲಲ್ಲೇ ಮುದುಕನಾದವನು ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಈಗ ಐವತ್ತೆಂಟಾಗಿದೆ, ಹೆಸರಿಗೆ ನ್ಯಾಯ ಒದಗಿಸುತ್ತಿದ್ದೇನೆ. ನನ್ನ ಕೆಲಸ ಕೋಲು ಹಿಡಿಯುವುದು. ನಮ್ಮದು ನೂಲಿಗೆ ಬಣ್ಣ ಹಾಕುವವರ ಊರು, ಇಲ್ಲಿ ಅದ್ದಿದ ಕೆಂಪು ನೂಲು ಮೀನು ಒಪ್ಪದೆ ಊರ ಹೊರಗೆ ಹೋಗುವಂತಿಲ್ಲ. ದಿನಾ ಬೆಳಿಗ್ಗೆ ನಾನು ತಾಯಿಲಡಿಯನ್ನು ನೀರಿಗೆ ಇಳಿಸಿ ಅದರ ಪಕ್ಕದಲ್ಲಿ ಒಂದು ಬೊಗಸೆ ಚುರುಮುರಿ ಚೆಲ್ಲುತ್ತೇನೆ. ತಾಯಿಲಡಿ ಎಂದರೆ ಯಾವ ಕಾಲದಲ್ಲೋ ಯಾರೋ ಅದ್ದಿಟ್ಟ, ಇವತ್ತಿಗೂ ಮಾಸದ ಕೆಂಪು ನೂಲಿನ ಕಟ್ಟು. ಸೋಮವಾರ ಮಾತ್ರ ಅದನ್ನು ಇಳಿಸುವುದಿಲ್ಲ. ಅವತ್ತು ಬಣ್ಣದವರು ತಂದ ಹೊಸ ಲಡಿಯನ್ನು ಬಿದಿರು ಕೋಲಿನ ತುದಿಗೆ ಕಟ್ಟಿ ಬಿಡುತ್ತೇನೆ. ಮೀನು ಬಂದು ಬಾಯಿ ಹಾಕಿದರೆ ಅದು ಕೆಂಪು. ತಿರುಗಿ ಹೋದರೆ ಅದು ಬೇರೆ ಏನೋ. ಕಣ್ಣಿಗೆ ಕಾಣುವ ಮೊದಲೇ ನನ್ನ ಅಂಗೈಗೆ ಗೊತ್ತಾಗುತ್ತದೆ, ಬಿದಿರು ಸಣ್ಣಗೆ ನಡುಗುತ್ತದೆ.

ಮೀನಿನ ಕಣ್ಣಿನ ಬಗ್ಗೆ ಮಾತಾಡಲು ಕೂತರೆ ನಾನು ಊಟ ಮರೆಯುತ್ತೇನೆ ಎಂದು ಮನೆಯಲ್ಲಿ ಬೈಯುತ್ತಾರೆ. ಏನು ಮಾಡಲಿ, ಅದು ಅಂಥ ಕಣ್ಣು. ರೆಪ್ಪೆಯಿಲ್ಲ, ಮುಚ್ಚುವ ಮಾತೇ ಇಲ್ಲ. ತಲೆಯ ಎರಡು ಪಕ್ಕದಲ್ಲಿದ್ದು ಎಡವನ್ನೂ ಬಲವನ್ನೂ ಒಟ್ಟಿಗೆ ನೋಡುತ್ತದೆ. ಮಳೆಗಾಲದ ಹೊಸ ನೀರಿನಲ್ಲಿ ನಮಗೆ ನಮ್ಮ ಪಾದವೇ ಕಾಣುವುದಿಲ್ಲ, ಆ ಕೆಸರಿನಲ್ಲೂ ಅವು ಕೆಂಪು ನೂಲನ್ನು ಹುಡುಕಿಕೊಂಡು ಬರುತ್ತವೆ. ಒಂದು ವರ್ಷ ಯಾರೋ ಪರದೇಶದ ಪುಡಿ ಬೆರೆಸಿ ಲಡಿ ತಂದರು. ಊರಿನ ಒಂದು ಕಣ್ಣಿಗೂ ವ್ಯತ್ಯಾಸ ಕಾಣಲಿಲ್ಲ. ಮೀನುಗಳು ಅದರತ್ತ ತಿರುಗಿ ಸಹ ನೋಡಲಿಲ್ಲ. ಪಂಚಾಯಿತಿಯವರು ಆ ಲಡಿಯನ್ನು ಒಂದು ಬೇಸಿಗೆ ಬಿಸಿಲಿಗೆ ಹಾಕಿದರು, ಅದು ಒಣಗಿದ ತಂಬಾಕಿನ ಬಣ್ಣಕ್ಕೆ ಬಂತು. ಆ ಪುಡಿಯಲ್ಲಿ ಮೀನಿಗೆ ಏನು ಕಂಡಿತ್ತೋ ನಮಗೆ ಇನ್ನೂ ಗೊತ್ತಿಲ್ಲ.

ಅದಕ್ಕೇ ನಮ್ಮೂರಿನಲ್ಲಿ ಒಂದು ಮಾತಿದೆ: ಮೀನು ಮುಖ ನೋಡಿ ಮಣೆ ಹಾಕುವುದಿಲ್ಲ. ಮನುಷ್ಯರು ಹಾಕುತ್ತಾರೆ, ಗೌಡರ ಮನೆಯ ಬಣ್ಣಕ್ಕೊಂದು ನ್ಯಾಯ ಬಡವರ ಬಣ್ಣಕ್ಕೊಂದು ನ್ಯಾಯ ಮಾಡುತ್ತಾರೆ. ಮೀನಿಗೆ ಬಣ್ಣವೊಂದೇ ಗೊತ್ತು. ಈ ನಂಬಿಕೆಯ ಮೇಲೆಯೇ ಬಣ್ಣದವರು ತಮ್ಮ ಲಡಿಯ ಪಕ್ಕದಲ್ಲೇ, ನೀರಿನಿಂದ ಎರಡನೆಯ ಪಾವಟಿಗೆಯಲ್ಲಿ, ಬಗ್ಗಿ ನಿಲ್ಲಬೇಕೆಂಬ ಕಟ್ಟಳೆ ಬಂದದ್ದು. ತಾನು ಅದ್ದಿದ್ದಕ್ಕೆ ತಾನೇ ಎದುರು ನಿಲ್ಲಲಿ ಎಂದು. ಇನ್ನೊಂದು ಕಟ್ಟಳೆಯೂ ಇದೆ. ಒಬ್ಬರ ಲಡಿಯನ್ನು ಮೀನು ಮೂರು ಸಲ ಒಪ್ಪದಿದ್ದರೆ ಅವರ ಬಣ್ಣದ ಬಾನಿಯನ್ನು ಅಂಗಳದಲ್ಲಿ ಬೋರಲು ಹಾಕುತ್ತಾರೆ. ಆಮೇಲೆ ಆ ಮನೆಯಲ್ಲಿ ಕೆಂಪು ಬೇಯಬಾರದು, ಮಕ್ಕಳ ಕಾಲಕ್ಕೂ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಇಲ್ಲ.

ನಿಂಬೆಕ್ಕನ ಬಾನಿಗೆ ಆ ಗತಿ ಬರಬಹುದೆಂದು ಯಾರೂ ಕನಸಿನಲ್ಲಿ ಎಣಿಸಿರಲಿಲ್ಲ. ನಿಂಬೆವ್ವ ಆಕೆಯ ಹೆಸರು, ನನಗಿಂತ ಆರೇಳು ವರ್ಷ ಹಿರಿಯಳು, ನಾನು ಅಕ್ಕ ಎನ್ನುತ್ತೇನೆ. ಮೂವತ್ತೈದು ವರ್ಷದಿಂದ ಕೆಂಪು ಅದ್ದುತ್ತಿದ್ದಳು. ಮಂಜಿಷ್ಠದ ಬೇರನ್ನು ಮೂಗಿನಿಂದಲೇ ಆರಿಸುವವಳು, ಪಟಿಕವನ್ನು ನಾಲಗೆಯ ತುದಿಯಿಂದ ಅಳೆಯುವವಳು. ಆಕೆಯ ಲಡಿ ನೀರು ಮುಟ್ಟುವ ಮೊದಲೇ ಮೀನುಗಳು ಬಂದು ನಿಂತಿರುತ್ತಿದ್ದವು. ಒಂದು ಸಲ, ಒಂದೇ ಒಂದು ಸಲ ಸಹ, ಅವು ಆಕೆಯನ್ನು ಬರಿಗೈಯಲ್ಲಿ ಕಳಿಸಿರಲಿಲ್ಲ. ಮಧ್ಯಾಹ್ನ ನೂಲು ಜಾಲಿಸಲು ಬಂದಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಚುರುಮುರಿ ಕಟ್ಟಿಕೊಂಡು ಬಂದು ಮೀನಿಗೆ ಹಾಕುವುದು ಆಕೆಯ ರೂಢಿ. ಉಳಿದ ಬಣ್ಣದವರು ಸೋಮವಾರ ಬಿಟ್ಟರೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ನಿಂಬೆಕ್ಕನದು ಧರ್ಮದ ಕೈ ಎಂದು ನಾವು ಹೊಗಳುತ್ತಿದ್ದೆವು. ಮೀನುಗಳು ಅದನ್ನು ಏನೆಂದು ತಿಳಿದಿದ್ದವು ಎಂದು ಕೇಳಿದವರಿಲ್ಲ.

ಎರಡು ವರ್ಷದಿಂದ ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಬಾನಿಯ ಹತ್ತಿರ ಸೊಸೆ ಕಸ್ತೂರೆವ್ವ ನಿಂತು ಹೊಗೆ ಎಷ್ಟಿದೆ, ಕುದಿ ಎಷ್ಟಿದೆ ಎಂದು ಹೇಳಬೇಕಾಗಿತ್ತು. ಆದರೂ ಮೀನು ಒಪ್ಪುತ್ತಿದ್ದವು. ಕೊನೆಗೆ ಸೊಸೆ ಜಗಳ ತೆಗೆದು, ಪಕ್ಕದ ಊರಿನಲ್ಲಿ ಕಣ್ಣಿನ ಡಾಕ್ಟರು ಬಂದಾಗ ಕರೆದುಕೊಂಡು ಹೋಗಿ ಪೊರೆ ತೆಗೆಸಿದಳು. ನಿಂಬೆಕ್ಕ ಮರಳಿ ಬಂದಾಗ ಮೂಗಿನ ಮೇಲೆ ದಪ್ಪ ಗಾಜಿನ, ಕಪ್ಪು ಚೌಕಟ್ಟಿನ ಕನ್ನಡಕ ಕೂತಿತ್ತು. ನಲವತ್ತು ದಿನ ನೀರಿನ ಹತ್ತಿರ ಹೋಗಬಾರದು ಎಂದಿದ್ದರು. ನಲವತ್ತು ದಿನ ಬಾನಿ ತಣ್ಣಗಿತ್ತು. ನಲವತ್ತೊಂದನೆಯ ದಿನ ಒಲೆ ಹೊತ್ತಿಸಿದಳು.

ಆ ಸೋಮವಾರ ನಾನು ಲಡಿ ಇಳಿಸಿದೆ. ನಿಂಬೆಕ್ಕ ಪಕ್ಕದಲ್ಲಿ ಬಗ್ಗಿ ನಿಂತಳು. ಬಿದಿರು ನಡುಗಲಿಲ್ಲ. ಮೀನುಗಳು ನಾಲ್ಕು ಮಾರು ದೂರದಲ್ಲಿ ಗುಂಪಾಗಿ ನಿಂತು, ಒಮ್ಮೆಲೇ ಮಡುವಿನ ಆಳಕ್ಕೆ ಇಳಿದುಬಿಟ್ಟವು. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಆ ಕೋಲು ಅಷ್ಟು ಭಾರವಾದದ್ದಿಲ್ಲ. ಮರುವಾರವೂ ಅದೇ ಆಯಿತು. ಬಣ್ಣದವರ ಓಣಿಯ ಹಿರಿಯರಾದ ಚಂದ್ರಾಮಪ್ಪನವರು ಒಳ್ಳೆಯ ಮನುಷ್ಯರು, ಕಟ್ಟಳೆ ಬಿಟ್ಟು ಮಾತ್ರ ಕದಲುವವರಲ್ಲ. ಹಳೆಯ ಕಣ್ಣೇ ಒಳ್ಳೆಯದಿತ್ತು, ಡಾಕ್ಟರು ಪೊರೆಯ ಜೊತೆ ಬಣ್ಣದ ಅಂದಾಜನ್ನೂ ಕಿತ್ತುಕೊಂಡಿದ್ದಾರೆ ಎಂದು ನೊಂದುಕೊಂಡೇ ಹೇಳಿದರು. ಇನ್ನೊಂದು ಸೋಮವಾರ ಇದೆ ಎಂದೂ ಹೇಳಿದರು. ಕಸ್ತೂರೆವ್ವ ಅಲ್ಲೇ ಕೂತು ಅತ್ತಳು, ಜಗಳ ತೆಗೆದು ಕಣ್ಣು ಮಾಡಿಸಿದ್ದು ತಾನೇ ಅಲ್ಲವೇ.

ಅವತ್ತು ಸಂಜೆ ನಾನು ನಿಂಬೆಕ್ಕನ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಎರಡು ಲಡಿಗಳನ್ನು ಮಡಿಲಿನ ಮೇಲೆ ಹಾಕಿಕೊಂಡು ಕೂತಿದ್ದಳು. ಒಂದು ಮೀನು ಒಪ್ಪದ ಈ ವರ್ಷದ್ದು, ಒಂದು ಮೀನು ಒಪ್ಪಿದ ಹೋದ ವರ್ಷದ್ದು. ಏನು ವ್ಯತ್ಯಾಸ ಕಾಣುತ್ತದೆ ಎಂದು ನನ್ನನ್ನು ಕೇಳಿದಳು. ಎರಡೂ ಕೆಂಪು ಎಂದೆ, ನನಗೆ ಕಂಡದ್ದು ಅಷ್ಟೇ.

"ಹೋದ ವರ್ಷದ್ದು ಮಂಕ ಐತಿ ತಮ್ಮಾ," ಎಂದಳು. "ಪೊರೆ ಇದ್ದಾಗ ನನಗ ಜಗತ್ತೆಲ್ಲಾ ಮಂಕ ಇತ್ತು, ಇದೂ ಸರಿ ಕಾಣತಿತ್ತು. ಈಗ ನೋಡಿದ್ರ ನಾಚಿಕಿ ಬರತೈತಿ. ಅದನ್ನ ಹೆಂಗ ಒಪ್ಪಿದ್ವು, ಇದನ್ನ ಯಾಕ ಒಲ್ಲೆ ಅಂದ್ವು?"

ಆಕೆಯ ಹೊಸ ಕಣ್ಣು ಸುಳ್ಳು ಹೇಳುತ್ತಿದೆಯೋ, ಮೀನು ಸುಳ್ಳು ಹೇಳುತ್ತಿವೆಯೋ ಎರಡರಲ್ಲೊಂದು ಆಗಬೇಕಿತ್ತು. ಮೀನು ಸುಳ್ಳು ಹೇಳುತ್ತವೆ ಎಂದು ನಮ್ಮೂರಿನಲ್ಲಿ ಹುಟ್ಟಿದವರ ಬಾಯಲ್ಲಿ ಬರುವುದಿಲ್ಲ.

ಗುರುವಾರ ಮಧ್ಯಾಹ್ನ ನಿಂಬೆಕ್ಕ ಪಾವಟಿಗೆ ಇಳಿದು ಬಂದಳು. ನಾನು ಅಲ್ಲೇ ನೆರಳಲ್ಲಿ ಕೋಲಿಗೆ ಎಣ್ಣೆ ಹಚ್ಚುತ್ತಿದ್ದೆ. ಬಿಸಿಲಿತ್ತು, ಕನ್ನಡಕದ ಕೆಳಗೆ ಬೆವರು ಇಳಿಯುತ್ತಿತ್ತು, ಈ ಹಾಳಾದ ಚಾಳೀಸು ಮೂಗು ಕೊರೆಯುತ್ತದೆ ಎಂದು ಗೊಣಗುತ್ತ ಅದನ್ನು ತೆಗೆದಿಟ್ಟು ಮುಖ ತೊಳೆಯಲು ಬಗ್ಗಿದಳು. ಕೈ ನೀರಿಗೆ ತಾಕಿರಲಿಲ್ಲ. ಮಡುವಿನ ನಡುವಿನಿಂದ ನೀರು ಗೀರಿಕೊಂಡು ಅವು ಬಂದವು. ಒಂದಲ್ಲ, ಎರಡಲ್ಲ, ಮಡುವೆಲ್ಲ ಈ ದಡಕ್ಕೆ ಬಂತು. ಆಕೆಯ ಮುಖದ ಕೆಳಗೆ ಬಾಯಿ ತೆರೆದು ನಿಂತವು. ನೂಲಿಲ್ಲ, ಕೆಂಪಿಲ್ಲ, ಆಕೆ ಉಟ್ಟಿದ್ದು ಬೂದಿ ಬಣ್ಣದ ಸೀರೆ. ಹೊತ್ತೆಲ್ಲ ದಡದಲ್ಲೇ ಬಿದ್ದಿರುವ ನನ್ನ ಮುಖಕ್ಕೆ ಅವು ಎಂದೂ ಹೀಗೆ ಬಂದವಲ್ಲ. ನಿಂಬೆಕ್ಕ ಅಲುಗಾಡದೆ ನೋಡಿದಳು. ಆಮೇಲೆ ಮೆಲ್ಲಗೆ ಕನ್ನಡಕ ಹಾಕಿಕೊಂಡಳು. ಆ ದೊಡ್ಡ ಗಾಜುಗಳು ಬಿಸಿಲಿಗೆ ಮಿಂಚಿದವು, ಮೀನುಗಳು ಬೆಚ್ಚಿ ಆಳಕ್ಕೆ ಹೋದವು. ಮತ್ತೆ ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದವು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಇಷ್ಟೇ ಅಲ್ಲವೇ, ಸೋಮವಾರ ಕನ್ನಡಕ ಮನೆಯಲ್ಲಿಟ್ಟು ಬಾ ಅಕ್ಕ, ಕಷ್ಟ ಮುಗಿಯಿತು ಎಂದೆ. ಆಕೆಗೆ ಸಂತೋಷವಾಗಲಿಲ್ಲ. ಕೈ ಒರೆಸುವ ಹಳೆಯ ಬಟ್ಟೆಯೊಂದು ಆಕೆಯ ಸೊಂಟದಲ್ಲಿತ್ತು, ಬಣ್ಣ ಕೆಟ್ಟು ಇಟ್ಟಿಗೆಯ ಹಾಗೆ ಆದದ್ದು. ಅದನ್ನು ನನ್ನ ಕೋಲಿಗೆ ಕಟ್ಟಿ ಇಳಿಸು ಎಂದಳು. ಇಳಿಸಿದೆ. ಆಕೆ ಬರಿಮುಖದಲ್ಲಿ ಪಕ್ಕಕ್ಕೆ ಬಗ್ಗಿದಳು. ನನ್ನ ಅಂಗೈಯಲ್ಲಿ ಬಿದಿರು ಗಡಗಡ ನಡುಗಿತು. ಆ ಒರಸುಬಟ್ಟೆಯನ್ನು ಅವು ತಾಯಿಲಡಿಯಷ್ಟೇ ಪ್ರೀತಿಯಿಂದ ಚೀಪಿದವು. ನಿಂಬೆಕ್ಕ ಪಾವಟಿಗೆಯ ಮೇಲೆ ಕೂತಳು.

"ಹಂಗಾದ್ರ ಮೂವತ್ತೈದು ವರ್ಷ ಇವು ಏನ್ ನೋಡಿ ಬಂದ್ವು ಮುದಕಪ್ಪ? ನನ್ನ ಬಣ್ಣಾನೋ, ನನ್ನ ಮಾರೀನೋ?"

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಇದು ನನಗೆ ನಿನಗೆ ಮಾತ್ರ ಗೊತ್ತಿರುವ ಮಾತು, ಇಲ್ಲೇ ನೀರಿಗೆ ಬಿಟ್ಟುಬಿಡು, ಬಾನಿ ಉಳಿಯುತ್ತದೆ, ಸೊಸೆಯ ಕೈಗೂ ಕೆಲಸ ಉಳಿಯುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಹೇಳಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ, ಆಕೆ ಒಪ್ಪಲಿಲ್ಲ ಎಂಬುದಕ್ಕೆ ಹೆಮ್ಮೆಯಿದೆ. ಬಾನಿ ಉಳಿದು ಏನು ಮಾಡಲಿ, ಅದರೊಳಗೆ ಇದ್ದದ್ದು ಕೆಂಪು ಹೌದೋ ಅಲ್ಲವೋ ಗೊತ್ತಾಗದಿದ್ದರೆ ಎಂದಳು. ಕನ್ನಡಕ ಹಾಕಿದರೆ ಮೀನು ಹೆದರಿ ಓಡುತ್ತವೆ, ತೆಗೆದರೆ ನೆಂಟಸ್ತಿಕೆಗೆ ಬರುತ್ತವೆ. ಎರಡರಲ್ಲೂ ನೂಲನ್ನು ನೋಡುವವರಿಲ್ಲ. ತಾನು ಇದ್ದೂ ಇಲ್ಲದ ಹಾಗೆ ಆಗಬೇಕು, ಅದು ಹೇಗೆ ಎಂದು ನನ್ನನ್ನೇ ಕೇಳಿದಳು.

ಅದು ನನಗೆ ಗೊತ್ತಿತ್ತು. ಕಳಚಿ ಬಿದ್ದ ಲಡಿಗಳಿಗಾಗಿ ಮಡುವಿನಲ್ಲಿ ಮುಳುಗಿ ಮುಳುಗಿ, ನಾನು ಅರ್ಧ ಮೀನೇ ಆಗಿದ್ದೇನೆ. ನೀರಿನ ಒಳಗಿನಿಂದ ತಲೆಯೆತ್ತಿದರೆ ಮೇಲಿನ ಲೋಕವೆಲ್ಲ ಒಂದು ದುಂಡು ತಟ್ಟೆಯಲ್ಲಿ ಕಾಣುತ್ತದೆ. ಆಕಾಶ ನಡುವೆ, ದಡದ ಮರ, ಅಂಚೆ ಡಬ್ಬಿ, ಮನುಷ್ಯರು ಎಲ್ಲ ತಟ್ಟೆಯ ಅಂಚಿನಲ್ಲಿ ಕುಗ್ಗಿಕೊಂಡು ನಿಂತಿರುತ್ತಾರೆ. ನಿಂತವರು ಎಷ್ಟು ದೂರವಿದ್ದರೂ ಕಾಣುತ್ತಾರೆ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದವರು ಅಂಚಿನಿಂದ ಆಚೆ ಹೋಗುತ್ತಾರೆ. ಹತ್ತಿರವಿದ್ದರೂ ಮೀನಿಗೆ ಅವರು ಇಲ್ಲ. ನಾನು ಇದನ್ನು ಹೇಳಿದಾಗ ನಿಂಬೆಕ್ಕ ಕನ್ನಡಕ ಒರೆಸಿಕೊಂಡು, ಹಾಗಾದರೆ ಮಲಗೋಣ ಎಂದಳು.

ಮೂರನೆಯ ಸೋಮವಾರ ಊರೆಲ್ಲ ಸೇರಿತ್ತು. ನಿಂಬೆಕ್ಕ ಹಿರಿಯರ ಎದುರು ನಿಂತು, ಇವತ್ತು ಮೀನಿಗೆ ಯಾರ ಮುಖವೂ ಕಾಣಬಾರದು, ಎಲ್ಲರೂ ಮಲಗಬೇಕು ಎಂದಳು. ಮೀನು ಮುಖ ನೋಡುವುದಿಲ್ಲವಲ್ಲ, ಇದೆಂಥ ಮಾತು ಎಂದು ಚಂದ್ರಾಮಪ್ಪನವರು ಹುಬ್ಬು ಗಂಟು ಹಾಕಿದರು. ನೋಡುವುದಿಲ್ಲವಾದರೆ ಮಲಗಿದರೆ ನಷ್ಟವೇನು ಎಂದು ಆಕೆ ಕೇಳಿದಳು. ಅವರೇ ಮೊದಲು ಬಗ್ಗಿ ನೆಲಕ್ಕೆ ಕೈ ಊರಿದರು. ಹೀಗೆ ನಮ್ಮೂರಿನ ಸಮಸ್ತರೂ ಹಾಡುಹಗಲಿನಲ್ಲಿ ಹೊಳೆಯ ದಂಡೆಯಲ್ಲಿ ಕವುಚಿ ಮಲಗಿದರು. ಚಂದ್ರಾಮಪ್ಪನವರ ಹೊಟ್ಟೆ ದೊಡ್ಡದು, ಕವುಚಿದರೆ ಬೆನ್ನು ಮೇಲೇಳುತ್ತಿತ್ತು, ಅಂಗಾತವಾದರೆ ಹೊಟ್ಟೆ ಮೇಲೇಳುತ್ತಿತ್ತು; ಕೊನೆಗೆ ಅವರನ್ನು ದಡದ ಹುಣಸೆ ಮರದ ಹಿಂದಕ್ಕೆ ಕಳಿಸಿದೆವು. ನಿಂಬೆಕ್ಕ ಎರಡು ಲಡಿ ತಂದಿದ್ದಳು. ಕೋಲಿನ ತುದಿಗೆ ಎರಡು ಮೊಳದ ಅಡ್ಡಕಡ್ಡಿ ಕಟ್ಟಿಸಿ, ಎಡಕ್ಕೊಂದು ಬಲಕ್ಕೊಂದು ತಾನೇ ಕಟ್ಟಿದಳು. ಯಾವುದು ಯಾವುದೆಂದು ನನಗೂ ಹೇಳಲಿಲ್ಲ, ನನ್ನ ಕಣ್ಣಿಗೆ ಎರಡೂ ಒಂದೇ. ಆಮೇಲೆ ಪಾವಟಿಗೆಗಳ ನೆತ್ತಿಯ ಕಲ್ಲುಕಟ್ಟೆಯ ಹಿಂದೆ ಹೋಗಿ ಮಲಗಿದಳು. ನಾನು ನಾಲ್ಕನೆಯ ಪಾವಟಿಗೆಯ ಮೇಲೆ ಬೋರಲಾಗಿ, ಗಲ್ಲವನ್ನು ಕಲ್ಲಿಗೆ ಊರಿ, ಕೋಲನ್ನು ನೀರಿನ ಮೇಲೆ ಚಾಚಿ ಇಳಿಸಿದೆ.

ನನಗೆ ನೀರು ಕಾಣುತ್ತಿರಲಿಲ್ಲ. ಕಲ್ಲಿನ ಮೇಲೆ ಹರಿಯುವ ಒಂದು ಇರುವೆ ಕಾಣುತ್ತಿತ್ತು. ಎಲ್ಲೋ ಹಿಂದೆ ಕಸ್ತೂರೆವ್ವನ ಬಳೆ ಸದ್ದು ಮಾಡಿತು, ನಿಂತಿತು. ಇರುವೆ ಕಲ್ಲನ್ನು ದಾಟಿ ಹೋಯಿತು. ಬಿದಿರು ಸತ್ತಂತೆ ಇತ್ತು. ನನ್ನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಮೊದಲ ನಡುಕ ಬಂದಾಗ ಅದು ನನ್ನದೇ ಎಂದುಕೊಂಡೆ. ಎರಡನೆಯದು ಬಂತು. ಆಮೇಲೆ ಕೋಲು ಕೈಯಲ್ಲಿ ತಿರುಚಿಕೊಂಡು ಒಂದೇ ಕಡೆಗೆ ವಾಲಿತು, ಮೀನುಗಳು ಅದಕ್ಕೆ ಜೋತುಬಿದ್ದವು, ನಾನು ಎರಡೂ ಕೈಯಿಂದ ಹಿಡಿಯಬೇಕಾಯಿತು. ಇನ್ನೊಂದು ಕಡೆ ಒಂದು ಬಾಯಿಯೂ ಮುಟ್ಟಲಿಲ್ಲ.

"ಯಾವ ಕಡೆ, ಮುದಕಪ್ಪ?" ಕಟ್ಟೆಯ ಹಿಂದಿನಿಂದ ನಿಂಬೆಕ್ಕನ ದನಿ ಬಂತು.

"ಬಲಕ್ಕ, ಅಕ್ಕ. ಪೂರಾ ಬಲಕ್ಕ."

ಆಕೆ ಎದ್ದು ನಿಂತಳು, ಕನ್ನಡಕದ ಗಾಜಿನ ತುಂಬ ಮಣ್ಣು. ಬಲಗಡೆಯದು ಈ ವರ್ಷದ್ದು, ಮೀನು ಎರಡು ಸಲ ಬೇಡವೆಂದದ್ದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ದಂಡೆಯಲ್ಲಿ ಮಲಗಿದ್ದವರು ಗುಜುಗುಜು ಎಂದು ಎದ್ದು ಕೂತರು, ಕಸ್ತೂರೆವ್ವ ಓಡಿ ಬಂದು ಅತ್ತೆಯ ಕೈ ಹಿಡಿದಳು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನಿಂಬೆಕ್ಕ ಬಿಡಲಿಲ್ಲ.

"ಎಡಗಡೀದು ಹೋದ ವರ್ಷದ್ದು," ಎಂದಳು. "ಅದನ್ನ ಮೀನು ಒಪ್ಪಿರಲಿಲ್ರೀ ಹಿರಿಯರ. ನನ್ನ ಮಾರಿ ನೋಡಿ ಹೂಂ ಅಂದಿದ್ವು. ನನ್ನ ಕಣ್ಣು ಮೋಸ ಹೋಗಿತ್ತು, ನಾ ನಿಮಗ ಮೋಸ ಮಾಡೀನಿ. ಹೋದ ವರ್ಷದ ನೂಲು ಯಾರ ಮಗ್ಗದಾಗರ ಉಳಿದಿದ್ರ ತಂದು ಕೊಡ್ರಿ, ತಿರುಗಿ ಅದ್ದಿ ಕೊಡತೀನಿ. ಈ ಎಡಗಡೀದನ್ನ ಒಲ್ಲೆ ಅಂದದ್ದು ಮೂರನೇದಂತ ಲೆಕ್ಕ ಹಿಡಿದ್ರ, ಬಾನಿ ಬೋರಲ ಹಾಕ್ರಿ. ನನಗ ಬ್ಯಾಸರಿಲ್ಲ. ನನ್ನ ಕೈಯಾಗ ಕೆಂಪು ಐತಿ ಅಂತ ಗೊತ್ತಾತು, ಸಾಕು."

ಚಂದ್ರಾಮಪ್ಪನವರು ಹುಣಸೆ ಮರದ ಹಿಂದಿನಿಂದ ಮೈಯೆಲ್ಲ ಒಣ ಎಲೆ ಅಂಟಿಸಿಕೊಂಡು ಬಂದರು. ಅವರ ಕಾಲದಲ್ಲಿ, ಅವರ ತಂದೆಯ ಕಾಲದಲ್ಲಿ, ಯಾರೂ ಮೀನಿನ ಎದುರು ಇಂಥ ಮಾತು ಆಡಿರಲಿಲ್ಲ. ಕೊನೆಗೆ ಕೆಮ್ಮಿ, ಮೊದಲಿನ ಎರಡು ಸಲ ಮೀನು ಬೇಡವೆಂದದ್ದು ಕನ್ನಡಕವನ್ನು, ಬಣ್ಣವನ್ನಲ್ಲ, ಕನ್ನಡಕವನ್ನು ನಮ್ಮೂರಿನಲ್ಲಿ ಯಾರೂ ಅದ್ದಿದ್ದಲ್ಲ ಎಂದರು. ಹಾಗಾಗಿ ಒಪ್ಪದ್ದು ಒಂದೇ ಸಲ. ಬಾನಿ ಇದ್ದಲ್ಲೇ ಇರಲಿ. ಇನ್ನು ಮುಂದೆ ಸೋಮವಾರ ಬಣ್ಣದವರು ಎರಡನೆಯ ಪಾವಟಿಗೆಯಲ್ಲಿ ನಿಲ್ಲುವುದು ಬೇಡ, ಕಟ್ಟೆಯ ಹಿಂದೆ ಮಲಗಲಿ, ತಮಗೆ ಮಾತ್ರ ಮರದ ಹಿಂದೆ ಒಂದು ಮಣೆ ಹಾಕಿಸಿ ಎಂದೂ ಸೇರಿಸಿದರು. ನಗುವವರು ನಕ್ಕರು, ಅವರೂ ನಕ್ಕರು.

ಈ ಗದ್ದಲದಲ್ಲಿ ನನ್ನನ್ನು ಎಲ್ಲರೂ ಮರೆತಿದ್ದರು. ನಾನು ಇನ್ನೂ ಕಲ್ಲಿಗೆ ಗಲ್ಲ ಊರಿ ಮಲಗಿದ್ದೆ, ಕೋಲು ಇನ್ನೂ ಬಲಕ್ಕೆ ಜಗ್ಗುತ್ತಿತ್ತು. ನಿಂಬೆಕ್ಕನ ಕೈಯ ಅಂಥ ಕೆಂಪು ಅವುಗಳಿಗೆ ಎರಡು ವರ್ಷದಿಂದ ಸಿಕ್ಕಿರಲಿಲ್ಲ, ಬಿಡಲು ಒಲ್ಲವು. ನಿಂಬೆಕ್ಕ ನನ್ನ ತಲೆಯ ಪಕ್ಕದಲ್ಲಿ ಕಾಲಿಟ್ಟು ಕೆಳಗಿಳಿದಳು. ಪರೀಕ್ಷೆ ಮುಗಿದಿತ್ತು, ಆಕೆಯ ಕೈಯಲ್ಲಿ ನೂಲಿರಲಿಲ್ಲ, ಸೆರಗಿನಲ್ಲಿ ಚುರುಮುರಿಯೂ ಇರಲಿಲ್ಲ. ಎರಡನೆಯ ಪಾವಟಿಗೆಯಲ್ಲಿ ನಿಂತು ಕನ್ನಡಕ ತೆಗೆದು ನೀರಿನ ಮೇಲೆ ಬಗ್ಗಿದಳು. ಆಕೆಯ ಕಡೆಗೆ ನೀರು ಗೀರಿಕೊಂಡು ಹೋದ ಸದ್ದಾಯಿತು. ನನ್ನ ಅಂಗೈಯಲ್ಲಿ ಅಷ್ಟು ಹೊತ್ತಿನಿಂದ ನಡುಗುತ್ತಿದ್ದ ಬಿದಿರು ಒಮ್ಮೆಲೇ ನಿಂತುಹೋಯಿತು.